ಸಲಿಂಗಿ ಎಂಬ ಕಾರಣಕ್ಕೆ ದೇಶ ಬಿಟ್ಟವರು ಆಶ್ರಯ ಕೇಳುವುದು ಹೇಗೆ: ಅರ್ಜಿಯಿಂದ ತೀರ್ಪಿನವರೆಗೆ

ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೆ ಅಪರಾಧ ಎನ್ನುವ ಕಾನೂನು ಇವತ್ತಿಗೂ 60ಕ್ಕೂ ಹೆಚ್ಚು ದೇಶಗಳಲ್ಲಿದೆ. ಇರಾನ್, ಸೌದಿ ಅರೇಬಿಯಾ, ಯೆಮೆನ್‌ನಂಥ ಕಡೆ ಮರಣದಂಡನೆಯೂ ಉಂಟು. ಉಗಾಂಡ 2023ರಲ್ಲಿ ಹೊಸ ಕಾನೂನು ತಂದು, ಕೆಲವು ಸಂದರ್ಭಗಳಿಗೆ ಮರಣದಂಡನೆ ಸೇರಿಸಿತು. ಇರಾಕ್ 2024ರಲ್ಲಿ 10ರಿಂದ 15 ವರ್ಷದ ಜೈಲು ಶಿಕ್ಷೆ ತಂದಿತು. ಕಾನೂನೇ ಇಲ್ಲದ ಕಡೆ ಪೊಲೀಸರ ಲಂಚ, ಬೀದಿಯ ಹೊಡೆತ, ಮನೆಯವರ ಬಲವಂತದ ಮದುವೆ ಇದ್ದೇ ಇರುತ್ತದೆ.

ಅಂಥ ಕಡೆಯಿಂದ ಬಂದವರ ಜೀವ ಇಲ್ಲಿಯವರೆಗೆ ಉಳಿದದ್ದು ಹೇಗೆ? ಯಾರಿಗೂ ಸುಳಿವು ಸಿಗದ ಹಾಗೆ ಬದುಕಿದ್ದರಿಂದ. ಮೆಸೇಜು ಅಳಿಸಿದ್ದಾರೆ, ಜೊತೆಗೆ ಫೋಟೊ ತೆಗೆಸಿಕೊಂಡಿಲ್ಲ, ಕೇಳಿದವರಿಗೆಲ್ಲ ಸುಳ್ಳು ಹೇಳಿದ್ದಾರೆ. ಆಶ್ರಯದ ಅರ್ಜಿ ಹಾಕಿದ ದಿನ ಅದೇ ತಿರುಗುಬಾಣವಾಗುತ್ತದೆ. ಅಧಿಕಾರಿ ಕೇಳುವುದು ಒಂದೇ: ‘ನೀವು ಸಲಿಂಗಿ ಅನ್ನುವುದಕ್ಕೆ ಏನು ಪುರಾವೆ?’ ಹೆಚ್ಚಿನ ಕೇಸುಗಳು ನಿಲ್ಲುವುದು, ಬೀಳುವುದು ಇಲ್ಲೇ. ಅದಕ್ಕೇ ಈ ಬರಹದಲ್ಲಿ ಫಾರಂ ತುಂಬುವುದಕ್ಕಿಂತ, ಮುಚ್ಚಿಟ್ಟ ಬದುಕನ್ನು ನಂಬುವ ಹಾಗೆ ಹೇಳುವುದು ಹೇಗೆ ಎಂಬುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತವೆ ಕೂಡ. ವಕೀಲರಿಗೆ ಇದು ಬದಲಿಯಲ್ಲ. ವಕೀಲರ ಮುಂದೆ ಕೂರುವ ಮೊದಲು ಓದಿಕೊಳ್ಳಿ.

ಕಾನೂನು ನೋಡುವುದು ಏನನ್ನು?

ಎಲ್ಲದಕ್ಕೂ ಬುಡ 1951ರ ನಿರಾಶ್ರಿತರ ಒಪ್ಪಂದ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ‘ನಿರ್ದಿಷ್ಟ ಸಾಮಾಜಿಕ ಗುಂಪಿಗೆ’ ಸೇರಿರುವುದು: ಈ ಐದರಲ್ಲಿ ಒಂದು ಕಾರಣಕ್ಕೆ ದೌರ್ಜನ್ಯದ ಭಯವಿದ್ದು, ತನ್ನ ದೇಶ ಕಾಪಾಡದಿದ್ದರೆ ಆ ವ್ಯಕ್ತಿ ನಿರಾಶ್ರಿತ. ಸಲಿಂಗಿಗಳ ಮಾತೇ ಅದರಲ್ಲಿಲ್ಲ. ಅವರಿಗೆ ದಾರಿ ಸಿಕ್ಕಿದ್ದು ಕೊನೆಯ ಕಾರಣದಿಂದ. ನೆದರ್‌ಲ್ಯಾಂಡ್ಸ್ 1981ರಲ್ಲೇ ಇದನ್ನು ಒಪ್ಪಿಕೊಂಡಿತು. ಅಮೆರಿಕದಲ್ಲಿ 1990ರಲ್ಲಿ ಕ್ಯೂಬಾದ ಒಬ್ಬ ಗೇ ವ್ಯಕ್ತಿಯ ಕೇಸು ಬಂತು. ಕ್ಯೂಬಾದ ಸರಕಾರ ಅವರ ಹೆಸರನ್ನು ದಾಖಲೆಯಲ್ಲಿ ಬರೆದಿಟ್ಟು, ಆಗಾಗ ಕರೆಸಿ ಪ್ರಶ್ನಿಸುತ್ತಿತ್ತು. ಅವರ ಪರವಾಗಿ ಬಂದ ತೀರ್ಪು 1994ರಲ್ಲಿ ಇಡೀ ಅಮೆರಿಕಕ್ಕೆ ಮಾದರಿಯಾಯಿತು. ಕೆನಡಾದ ಸುಪ್ರೀಂ ಕೋರ್ಟ್ 1993ರಲ್ಲಿ ಇದೇ ಮಾತು ಹೇಳಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ 2012ರಲ್ಲಿ ಹೊರಡಿಸಿದ 9ನೇ ಮಾರ್ಗಸೂಚಿ ಪೂರ್ತಿ ಈ ವಿಷಯದ್ದೇ. ಅರ್ಜಿಯಲ್ಲಿ ಅದನ್ನು ಉಲ್ಲೇಖಿಸಬಹುದು.

ನೀವು ಮೂರು ವಿಷಯ ಮನದಟ್ಟು ಮಾಡಬೇಕು. ನೀವು ಸಲಿಂಗಿ, ಅಥವಾ ಅಲ್ಲಿನವರು ನಿಮ್ಮನ್ನು ಹಾಗೆಂದು ತಿಳಿದಿದ್ದಾರೆ. ಅದೇ ಕಾರಣಕ್ಕೆ ವಾಪಸ್ ಹೋದರೆ ದೊಡ್ಡ ಅಪಾಯವಿದೆ. ಸರಕಾರ ಕಾಪಾಡುವುದಿಲ್ಲ, ದೇಶದೊಳಗೆ ಬೇರೆ ಊರಿಗೆ ಹೋದರೂ ಉಪಯೋಗವಿಲ್ಲ. ಹಿಂದೆ ಏಟು ತಿಂದಿರಲೇಬೇಕು ಎಂದೇನಿಲ್ಲ. ಮುಂದೆ ತಿನ್ನುವ ಭಯಕ್ಕೆ ಆಧಾರ ಇದ್ದರೆ ಸಾಕು. ತಿಂದಿದ್ದರೆ ಕೇಸು ಗಟ್ಟಿ, ಅಷ್ಟೇ. ಆ ಭಯವನ್ನು ಅಳೆಯುವ ಅಳತೆ ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಸುಪ್ರೀಂ ಕೋರ್ಟ್ 1987ರಲ್ಲಿ ಹತ್ತರಲ್ಲಿ ಒಂದು ಪಾಲು ಸಾಧ್ಯತೆ ಇದ್ದರೂ ಸಾಕಾಗಬಹುದು ಎಂದಿತು. ಬ್ರಿಟನ್ ಮಾತ್ರ 2022ರ ಜೂನ್ 28ರಿಂದ ಹಾಕಿದ ಅರ್ಜಿಗಳಿಗೆ ಬಿಗಿ ಮಾಡಿದೆ. ನೀವು ಸಲಿಂಗಿ ಹೌದೋ ಅಲ್ಲವೋ ಎಂಬುದು ‘ಅಲ್ಲ ಅನ್ನುವುದಕ್ಕಿಂತ ಹೌದು ಅನ್ನುವುದೇ ಜಾಸ್ತಿ’ ಎಂಬ ಮಟ್ಟಕ್ಕೆ ಸಾಬೀತಾಗಬೇಕು.

‘ಮುಚ್ಚಿಟ್ಟುಕೊಂಡು ಬದುಕಿದರೆ ಆಯ್ತಲ್ವಾ, ಯಾರಿಗೆ ಗೊತ್ತಾಗುತ್ತೆ?’ ಎಂದು ಹೇಳಿ ಅರ್ಜಿ ತಳ್ಳಿಹಾಕುವುದು ತುಂಬ ವರ್ಷ ನಡೆಯಿತು. ಆಸ್ಟ್ರೇಲಿಯಾದ ಹೈಕೋರ್ಟ್ 2003ರಲ್ಲಿ ಬಾಂಗ್ಲಾದೇಶದ ಇಬ್ಬರು ಗಂಡಸರ ಕೇಸಿನಲ್ಲಿ ಈ ವಾದವನ್ನು ಒಪ್ಪಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲಿ, ಇರಾನ್ ಮತ್ತು ಕ್ಯಾಮರೂನ್‌ನ ಇಬ್ಬರ ಕೇಸಿನಲ್ಲಿ, ಆ ವಾದಕ್ಕೆ ಬಾಗಿಲು ಹಾಕಿತು. ಯುರೋಪಿಯನ್ ಯೂನಿಯನ್ ಕೋರ್ಟ್ 2013ರಲ್ಲಿ ಅದನ್ನೇ ಹೇಳಿತು. ಆದರೆ ಬ್ರಿಟನ್ ತೀರ್ಪಿನಲ್ಲಿ ಒಂದು ಕೊಕ್ಕೆ ಇದೆ. ಭಯದಿಂದ ಮುಚ್ಚಿಟ್ಟರೆ ರಕ್ಷಣೆ ಉಂಟು. ‘ಮನೆಯವರಿಗೆ ಬೇಜಾರಾಗಬಾರದು’, ‘ನನಗೆ ಹೇಳಿಕೊಳ್ಳಲು ಇಷ್ಟವಿಲ್ಲ’ ಎಂಬ ಕಾರಣಕ್ಕೆ ಮಾತ್ರ ಮುಚ್ಚಿಟ್ಟರೆ ಅರ್ಜಿ ಬೀಳಬಹುದು. ಹಾಗಾಗಿ ಮುಚ್ಚಿಟ್ಟೆ ಎಂದು ಹೇಳಿ ಮುಂದೆ ಹೋಗಬೇಡಿ. ಗೊತ್ತಾಗಿದ್ದರೆ ಯಾರು ಏನು ಮಾಡುತ್ತಿದ್ದರು ಎಂದು ಬಿಡಿಸಿ ಹೇಳಿ. ಮುಚ್ಚಿಡುವುದಕ್ಕೆ ಹತ್ತು ಕಾರಣವಿದ್ದು ಅದರಲ್ಲಿ ಭಯವೂ ಒಂದು ಮುಖ್ಯ ಕಾರಣವಾದರೆ, ಅದು ಕಾಗದದ ಮೇಲೆ ಬರಲೇಬೇಕು.

ಇನ್ನೊಂದು ಮಾತು. ಪುಸ್ತಕದಲ್ಲಿ ಕಾನೂನು ಇದೆ ಎಂದ ಮಾತ್ರಕ್ಕೆ ಯುರೋಪಿನಲ್ಲಿ ಆಶ್ರಯ ಸಿಗುವುದಿಲ್ಲ. ಆ ಜೈಲು ಶಿಕ್ಷೆ ನಿಜವಾಗಿ ಜಾರಿಯಾಗುತ್ತಿದೆಯೇ ಎಂದು ನೋಡಬೇಕು ಎಂದು ಅದೇ 2013ರ ತೀರ್ಪು ಹೇಳುತ್ತದೆ.

ಹೆಜ್ಜೆ 1: ಗಡುವು, ಜಾಗ

ಸಾಮಾನ್ಯವಾಗಿ ಆಶ್ರಯ ಕೇಳುವುದು ಆ ದೇಶದ ನೆಲದ ಮೇಲೆ ಅಥವಾ ಗಡಿಯಲ್ಲಿ ನಿಂತು. ರಾಯಭಾರ ಕಚೇರಿಗೆ ಹೋಗಿ ಕೇಳಿದರೆ ಆಗುವುದಿಲ್ಲ. ದೂರದ ದೇಶಕ್ಕೆ ಹೋಗಲಾಗದೆ ಪಕ್ಕದ ದೇಶದಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಅಲ್ಲಿನ ಯುಎನ್‌ಎಚ್‌ಸಿಆರ್ ಕಚೇರಿಯಲ್ಲಿ ಹೆಸರು ನೋಂದಾಯಿಸಿ.

ಅಮೆರಿಕದಲ್ಲಿ ಬಂದ ಒಂದು ವರ್ಷದೊಳಗೆ ಐ-589 ಎಂಬ ಆಶ್ರಯದ ಅರ್ಜಿ ಫಾರಂ ಹಾಕಬೇಕು. ಎಷ್ಟೋ ಒಳ್ಳೆಯ ಕೇಸುಗಳು ಈ ಒಂದೇ ಗಡುವಿಗೆ ಬಲಿಯಾಗುತ್ತವೆ. ವಿನಾಯಿತಿ ಇಲ್ಲದೇ ಇಲ್ಲ: ಊರಲ್ಲಿ ಪರಿಸ್ಥಿತಿ ಬದಲಾಗಿದ್ದರೆ, ತೀವ್ರ ಕಾಯಿಲೆ ಅಥವಾ ಮಾನಸಿಕ ಆಘಾತ ಇದ್ದರೆ ಕೇಳಬಹುದು. ಆದರೆ ಅದನ್ನು ಮತ್ತೆ ಸಾಬೀತು ಮಾಡುತ್ತಾ ಕೂರಬೇಕು. ಬೇರೆ ಹಲವು ದೇಶಗಳಲ್ಲಿ ಇಷ್ಟು ಕಟ್ಟುನಿಟ್ಟಿನ ದಿನಾಂಕ ಇಲ್ಲದಿದ್ದರೂ, ‘ಬಂದು ಇಷ್ಟು ದಿನವಾಯಿತು, ಭಯ ಇದ್ದಿದ್ದರೆ ಆಗಲೇ ಕೇಳುತ್ತಿದ್ದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಓದಲು ಅಥವಾ ಕೆಲಸಕ್ಕೆ ಬಂದು, ಇಲ್ಲಿ ಬಂದ ಮೇಲೆ ತನ್ನನ್ನು ತಾನು ಒಪ್ಪಿಕೊಂಡವರೂ ಅರ್ಜಿ ಹಾಕಬಹುದು. ದೇಶ ಬಿಡುವಾಗಲೇ ಭಯ ಇರಬೇಕು ಎಂಬ ನಿಯಮವಿಲ್ಲ.

ಯಾವ ದಾರಿಯಲ್ಲಿ ಬಂದಿರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೊದಲು ಕಾಲಿಟ್ಟ ಸುರಕ್ಷಿತ ದೇಶದಲ್ಲೇ ಕೇಳಿ ಎಂದು ಕೆಲವು ದೇಶಗಳು ವಾಪಸ್ ಕಳಿಸುತ್ತವೆ. ಯುರೋಪಿನ ದೇಶಗಳ ನಡುವೆ ಅಂಥ ನಿಯಮವಿದೆ. ಕೆನಡಾ ಮತ್ತು ಅಮೆರಿಕದ ನಡುವೆ 2004ರಿಂದ ಒಪ್ಪಂದವಿದೆ, 2023ರ ಮಾರ್ಚ್‌ನಲ್ಲಿ ಅದನ್ನು ಇಡೀ ಭೂಗಡಿಗೆ ವಿಸ್ತರಿಸಿದರು. ನಕಲಿ ಪಾಸ್‌ಪೋರ್ಟ್‌ನಲ್ಲಿ ಬಂದಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಅಪಾಯದ ದೇಶದಿಂದ ನೇರವಾಗಿ ಬಂದು, ತಡಮಾಡದೆ ಹಾಜರಾಗಿ, ಸರಿಯಾದ ಕಾರಣ ಕೊಟ್ಟವರನ್ನು ಅಕ್ರಮವಾಗಿ ಬಂದಿದ್ದಕ್ಕೆ ಶಿಕ್ಷಿಸಬಾರದು ಎಂದು 1951ರ ಒಪ್ಪಂದದ 31ನೇ ವಿಧಿಯೇ ಹೇಳುತ್ತದೆ.

ಹೆಜ್ಜೆ 2: ವಕೀಲರು ಮತ್ತು ‘ರೆಡಿಮೇಡ್ ಕಥೆ’ ಮಾರುವವರು

ಬ್ರಿಟನ್‌ನಲ್ಲಿ ರೈನ್‌ಬೋ ಮೈಗ್ರೇಷನ್, ಅಮೆರಿಕದಲ್ಲಿ ಇಮಿಗ್ರೇಷನ್ ಇಕ್ವಾಲಿಟಿ ಈ ಕೇಸುಗಳನ್ನೇ ನೋಡುವ ಸಂಸ್ಥೆಗಳು. ಇನ್ನೂ ಅಪಾಯದ ದೇಶದಲ್ಲೇ ಇರುವವರು ಕೆನಡಾ ಮೂಲದ ರೈನ್‌ಬೋ ರೈಲ್‌ರೋಡ್‌ನ ಸಹಾಯ ಕೇಳಬಹುದು. ಸರಕಾರಿ ಖರ್ಚಿನ ಕಾನೂನು ನೆರವು ಇದೆಯೇ ಎಂದೂ ವಿಚಾರಿಸಿ.

ಇನ್ನೊಂದು ಕಡೆ ದಲ್ಲಾಳಿಗಳಿರುತ್ತಾರೆ. ‘ಈ ಕಥೆ ಹೇಳಿ, ಗ್ಯಾರಂಟಿ ಪಾಸ್’ ಎನ್ನುತ್ತಾರೆ. ಅಧಿಕಾರಿಗಳು ಇಂಥದ್ದನ್ನೇ ದಿನವೂ ಓದುವವರು. ಅದೇ ಪಾರ್ಕ್, ಅದೇ ಪೊಲೀಸ್ ದಾಳಿ, ಅದೇ ವಾಕ್ಯ ಮೂರನೇ ಅರ್ಜಿಯಲ್ಲಿ ಬಂದ ಕೂಡಲೇ ಗೊತ್ತಾಗುತ್ತದೆ. ನಿಜವಾಗಿ ಸಲಿಂಗಿಯಾಗಿದ್ದೂ, ತನ್ನ ಕಥೆ ಸಪ್ಪೆ ಎಂದುಕೊಂಡು ಕೊಂಡ ಕಥೆ ಹೇಳಿ ಸೋತವರಿದ್ದಾರೆ. ಒಂದು ಸುಳ್ಳು ಸಿಕ್ಕಿದರೆ ಪಕ್ಕದಲ್ಲಿರುವ ನಿಜವನ್ನೂ ಯಾರೂ ನಂಬುವುದಿಲ್ಲ.

ವಕೀಲರಿಗೆ ಎಲ್ಲ ಹೇಳಿ. ಮದುವೆಯಾಗಿದೆ, ಮಕ್ಕಳಿದ್ದಾರೆ, ಹಿಂದೆ ವೀಸಾ ಅರ್ಜಿಯಲ್ಲಿ ಬೇರೆ ಏನೋ ಬರೆದಿದ್ದೇನೆ, ಒಮ್ಮೆ ಊರಿಗೆ ಹೋಗಿ ಬಂದಿದ್ದೇನೆ: ಇವೆಲ್ಲ ಕಡತದಲ್ಲಿ ಸಿಗುವಂಥವೇ. ಅವರಾಗಿ ಕಂಡುಹಿಡಿಯುವ ಮೊದಲು ನೀವಾಗಿ ವಿವರಿಸಿದರೆ ಅರ್ಧ ತಲೆನೋವು ಕಡಿಮೆ.

ಹೆಜ್ಜೆ 3: ಹೇಳಿಕೆ ಬರೆಯುವುದು

ಇದೇ ಕೇಸಿನ ಜೀವ. ಇದಕ್ಕೆ ವಾರಗಟ್ಟಲೆ ಸಮಯ ಕೊಡಿ. ಒಂದೇ ಕೂತಲ್ಲಿ ಬರೆಯಲು ಹೋಗಬೇಡಿ. ನೆನಪಾದಾಗ ನೆನಪಾದ ಹಾಗೆ ಬರೆದಿಟ್ಟು, ಆಮೇಲೆ ಜೋಡಿಸಿ.

ಬಹಳ ಜನ ಹೊಡೆತದಿಂದ ಶುರು ಮಾಡುತ್ತಾರೆ. ಹೊಡೆತ ಬೇಕು, ಆದರೆ ಅದಕ್ಕೆ ಮೊದಲಿನ ವರ್ಷಗಳು ಇನ್ನೂ ಜಾಸ್ತಿ ಬೇಕು. ಬ್ರಿಟನ್ನಿನ ಬ್ಯಾರಿಸ್ಟರ್ ಎಸ್. ಚೆಲ್ವನ್ ನಾಲ್ಕು ಮಾತಿನ ಒಂದು ಚೌಕಟ್ಟು ಕೊಟ್ಟಿದ್ದಾರೆ, ಹಲವು ದೇಶಗಳ ವಕೀಲರು ಅದನ್ನು ಬಳಸುತ್ತಾರೆ: ತಾನು ಉಳಿದವರ ಹಾಗಿಲ್ಲ ಎಂಬ ಅರಿವು, ಸುತ್ತಲಿನವರ ತಿರಸ್ಕಾರ, ಒಳಗಿನ ನಾಚಿಕೆ, ಆದ ಅಥವಾ ಆಗಬಹುದಾದ ಹಾನಿ. ಇದನ್ನು ಉತ್ತರ ತುಂಬುವ ಪಟ್ಟಿ ಮಾಡಿಕೊಳ್ಳಬೇಡಿ. ಎಲ್ಲರಿಗೂ ನಾಚಿಕೆ ಆಗಿರಲೇಬೇಕು ಎಂದಿಲ್ಲ. ಆಗಿಲ್ಲದಿದ್ದರೆ ಆಗಿಲ್ಲ ಎಂದೇ ಹೇಳಿ. ನೆನಪು ಕೆದಕುವುದಕ್ಕೆ ಮಾತ್ರ ಇದು ಒಳ್ಳೆಯ ಸಾಧನ.

ಉದಾಹರಣೆಗೆಂದು ಕಟ್ಟಿದ ಎರಡು ಹೇಳಿಕೆ ನೋಡಿ. ಮೊದಲನೆಯದು ಹೀಗೆ:

‘ನಾನು ಚಿಕ್ಕಂದಿನಿಂದ ಲೆಸ್ಬಿಯನ್. ನಮ್ಮ ದೇಶದಲ್ಲಿ ಲೆಸ್ಬಿಯನ್‌ಗಳಿಗೆ ತುಂಬ ಕಷ್ಟ. ಮನೆಯಲ್ಲಿ ಗೊತ್ತಾಗಿ ನನ್ನನ್ನು ಹೊಡೆದು ಕೂಡಿಹಾಕಿದರು. ಮದುವೆ ಮಾಡಲು ಹೊರಟರು. ತಪ್ಪಿಸಿಕೊಂಡು ಬಂದೆ.’

ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಇದನ್ನು ಯಾರು ಬೇಕಾದರೂ ಬರೆಯಬಹುದು. ಅದೇ ಹೆಣ್ಣುಮಗಳ ಎರಡನೇ ಹೇಳಿಕೆ:

‘ಅವಳ ನಂಬರನ್ನು ನಾನು ಟೈಲರ್ ಎಂದು ಸೇವ್ ಮಾಡಿದ್ದೆ. ಒಂದು ರಾತ್ರಿ ಹನ್ನೊಂದರ ಮೇಲೆ ಫೋನ್ ಬಂತು, ಅಣ್ಣನ ಕೈಗೆ ಸಿಕ್ಕಿತು. ಈ ಹೊತ್ತಿನಲ್ಲಿ ಟೈಲರ್ ಯಾಕೆ ಫೋನ್ ಮಾಡುತ್ತಾಳೆ ಎಂದು ಕೇಳಿದ. ನಾನು ರವಿಕೆ ವಿಷಯ ಎಂದೆ. ಅವನು ಅವಳಿಗೇ ವಾಪಸ್ ಫೋನ್ ಮಾಡಿ ಮಾತಾಡದೆ ಕೇಳಿಸಿಕೊಂಡ. ಅವಳು ನಾನೇ ಎಂದುಕೊಂಡು ಮಾತಾಡಿದಳು. ಮರುದಿನ ನನ್ನ ಕೋಣೆಗೆ ಹೊರಗಿನಿಂದ ಚಿಲಕ ಬಂತು. ಅಮ್ಮ ಊಟ ತಂದಾಗ ನನ್ನ ಮುಖ ನೋಡುತ್ತಿರಲಿಲ್ಲ. ಎಷ್ಟು ದಿನ ಎಂದು ಸರಿಯಾಗಿ ನೆನಪಿಲ್ಲ, ಹಬ್ಬಕ್ಕೆ ಮುಂಚೆ ಶುರುವಾಯಿತು, ಹಬ್ಬ ಮುಗಿದ ಮೇಲೂ ಇತ್ತು. ಅವಳನ್ನು ಮತ್ತೆ ನೋಡಲಿಲ್ಲ. ಅವಳಿಗೆ ಏನಾಯಿತೋ ಎಂಬುದು ನನಗೆ ಹೊಡೆತಕ್ಕಿಂತ ಜಾಸ್ತಿ ಕಾಡಿತು.’

ಟೈಲರ್ ಎಂಬ ಹೆಸರು, ರವಿಕೆಯ ಸುಳ್ಳು, ಮುಖ ನೋಡದ ಅಮ್ಮ: ಇಂಥವನ್ನು ಬದುಕಿದವರು ಮಾತ್ರ ಹೇಳಬಲ್ಲರು. ದಿನಾಂಕ ನೆನಪಿಲ್ಲದ ಕಡೆ ಇವಳು ಸುಮ್ನೆ ಒಂದು ತಾರೀಕು ಹಾಕಿಲ್ಲ, ಹಬ್ಬವನ್ನು ಗುರುತಾಗಿ ಇಟ್ಟಿದ್ದಾಳೆ. ಸಂದರ್ಶನದಲ್ಲಿ ಬೇರೆ ತಾರೀಕು ಬಾಯಿಗೆ ಬಂದು ‘ಹೇಳಿಕೆಯಲ್ಲಿ ಒಂದು, ಬಾಯಲ್ಲಿ ಇನ್ನೊಂದು’ ಎನ್ನಿಸಿಕೊಳ್ಳುವ ಅಪಾಯ ಇದರಿಂದ ತಪ್ಪುತ್ತದೆ. ಇನ್ನೊಂದು ವಿಷಯ ಗಮನಿಸಿ, ದೈಹಿಕ ಸಂಬಂಧದ ಒಂದು ಪದವೂ ಇದರಲ್ಲಿಲ್ಲ. ಬೇಕಾಗಿಯೂ ಇಲ್ಲ.

ಕೊನೆಯಲ್ಲಿ, ಈಗ ವಾಪಸ್ ಹೋದರೆ ಏನಾಗುತ್ತದೆ ಎಂದು ಪ್ರತ್ಯೇಕವಾಗಿ ಬರೆಯಿರಿ. ಯಾರು ಹುಡುಕುತ್ತಾರೆ, ಬೇರೆ ಊರಿನಲ್ಲಿ ಹೇಗೆ ಗೊತ್ತಾಗುತ್ತದೆ, ಪೊಲೀಸರಿಗೆ ದೂರು ಕೊಟ್ಟಿರಾ, ಕೊಡದಿದ್ದರೆ ಯಾಕೆ. ಸಲಿಂಗಿಯಾಗಿರುವುದೇ ಅಪರಾಧವಾದ ಕಡೆ ಪೊಲೀಸ್ ಠಾಣೆಗೆ ಹೋಗುವುದು ತಾನಾಗಿ ಸಿಕ್ಕಿಬೀಳುವುದು. ಇದು ನಿಮಗೆ ಎಷ್ಟೇ ಸ್ಪಷ್ಟವಾಗಿದ್ದರೂ ಬರೆಯಿರಿ. ದೊಡ್ಡ ಊರಿಗೆ ಹೋಗಬಹುದಿತ್ತಲ್ಲ ಎಂದರೆ, ಅಲ್ಲಿ ಮತ್ತೆ ಮುಚ್ಚಿಟ್ಟುಕೊಂಡೇ ಬದುಕಬೇಕಾದರೆ ಅದು ಪರಿಹಾರವಲ್ಲ ಎಂದು ಯುಎನ್‌ಎಚ್‌ಸಿಆರ್ ಮಾರ್ಗಸೂಚಿಯೇ ಹೇಳುತ್ತದೆ.

ಹೆಣ್ಣುಮಕ್ಕಳ ಕೇಸು ಯಾಕೆ ಬೇರೆ

ಗಂಡಸರಿಗೆ ಆಗುವ ಹಾನಿ ಎಷ್ಟೋ ಸಲ ಬೀದಿಯಲ್ಲಿ, ಠಾಣೆಯಲ್ಲಿ ಆಗುತ್ತದೆ. ಪತ್ರಿಕೆಯಲ್ಲಿ ಬರುತ್ತದೆ, ವರದಿಯಾಗುತ್ತದೆ. ಹೆಣ್ಣುಮಕ್ಕಳಿಗೆ ಆಗುವುದು ಹೆಚ್ಚಾಗಿ ಬಾಗಿಲ ಹಿಂದೆ: ಕೂಡಿಹಾಕುವುದು, ಬಲವಂತದ ಮದುವೆ, ‘ಸರಿಮಾಡುತ್ತೇವೆ’ ಎಂದು ಮಾಡುವ ಅತ್ಯಾಚಾರ, ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ. ಇದು ‘ಮನೆ ಜಗಳ’ ಎಂದು ಅಧಿಕಾರಿ ತಳ್ಳಿಹಾಕಬಹುದು. ಆದ್ದರಿಂದ ಎರಡು ಎಳೆಗಳನ್ನು ಜೋಡಿಸಿ ಹೇಳಬೇಕು. ಮನೆಯವರು ಹೀಗೆ ಮಾಡಿದ್ದು ನೀವು ಹೆಣ್ಣನ್ನು ಪ್ರೀತಿಸಿದ್ದಕ್ಕೆ. ಸರಕಾರ ಅದನ್ನು ತಡೆಯುವುದಿಲ್ಲ. ದೇಶದ ವರದಿಗಳಲ್ಲಿ ಲೆಸ್ಬಿಯನ್ನರ ಬಗ್ಗೆ ಒಂದು ಸಾಲೂ ಇಲ್ಲದಿರಬಹುದು. ಸಾಲು ಇಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಹೆಂಗಸರ ಮೇಲಿನ ಹಿಂಸೆ, ಒಂಟಿ ಹೆಂಗಸು ಮನೆ ಬಾಡಿಗೆಗೆ ಪಡೆಯುವ ಕಷ್ಟ, ಮದುವೆ ಕಾನೂನು ಇವುಗಳ ವರದಿಯನ್ನೂ ಹಚ್ಚಿ.

ಹೆಜ್ಜೆ 4: ಪುರಾವೆ

ಕೈಯಲ್ಲಿ ಇರುವುದನ್ನು ಮೊದಲು ಜೋಪಾನ ಮಾಡಿ. ಹಳೆಯ ಫೋನ್ ಎಸೆಯಬೇಡಿ. ಚಾಟ್‌ಗಳನ್ನು ತಾರೀಕು ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ, ಬೆದರಿಕೆ ಮೆಸೇಜಂತೂ ಅಳಿಸಲೇಬೇಡಿ. ಈಗಿನ ಅಥವಾ ಹಿಂದಿನ ಸಂಗಾತಿಯ ಪತ್ರ, ವಿಷಯ ಗೊತ್ತಿದ್ದ ಸ್ನೇಹಿತರ ಪತ್ರ, ಇಲ್ಲಿ ಸೇರಿಕೊಂಡ ಬೆಂಬಲ ಗುಂಪಿನ ಪತ್ರ ಕೆಲಸಕ್ಕೆ ಬರುತ್ತವೆ. ‘ಇವರು ಒಳ್ಳೆಯವರು’ ಎಂಬ ಪತ್ರದಿಂದ ಉಪಯೋಗ ಕಡಿಮೆ. ಯಾವಾಗ, ಹೇಗೆ ಗೊತ್ತಾಯಿತು, ಏನು ಕಣ್ಣಾರೆ ಕಂಡೆ ಎಂದು ಬರೆದ ಪತ್ರ ತೂಕದ್ದು. ಊರಲ್ಲೇ ಇರುವವರಿಂದ ಪತ್ರ ತರಿಸುವ ಮೊದಲು, ಅದರಿಂದ ಅವರಿಗೆ ಅಪಾಯ ಆಗುತ್ತದೆಯೇ ಯೋಚಿಸಿ.

ಗಾಯದ ಗುರುತುಗಳಿದ್ದರೆ, ನಿದ್ದೆ ಇಲ್ಲ, ಬೆಚ್ಚಿಬೀಳುವುದು ಇದ್ದರೆ ವೈದ್ಯರ ವರದಿ ಮಾಡಿಸಿ. ಚಿತ್ರಹಿಂಸೆಯ ಗುರುತು ದಾಖಲಿಸಲು ‘ಇಸ್ತಾಂಬುಲ್ ಪ್ರೋಟೊಕಾಲ್’ ಎಂಬ ವಿಶ್ವಸಂಸ್ಥೆಯ ಕೈಪಿಡಿ ಇದೆ, ಅದನ್ನು ಬಲ್ಲ ವೈದ್ಯರಾದರೆ ಒಳ್ಳೆಯದು. ದೇಶದ ಸ್ಥಿತಿಗೆ ಇಲ್ಗಾ ವರ್ಲ್ಡ್ (ಸಲಿಂಗಿಗಳ ಹಕ್ಕಿನ ಸಂಘಟನೆಗಳ ಜಾಗತಿಕ ಒಕ್ಕೂಟ) ಮತ್ತು ಮಾನವ ಹಕ್ಕು ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ವರದಿಗಳು, ಬ್ರಿಟನ್ ಗೃಹ ಇಲಾಖೆಯ ದೇಶವಾರು ಟಿಪ್ಪಣಿಗಳು ಸಿಗುತ್ತವೆ. ಇಡೀ ವರದಿ ಹಚ್ಚಿ ಕೈತೊಳೆದುಕೊಳ್ಳಬೇಡಿ, ನಿಮ್ಮ ಕಥೆಗೆ ಹೊಂದುವ ಸಾಲಿಗೆ ಗುರುತು ಹಾಕಿ ಕೊಡಿ.

ಖಾಸಗಿ ಕ್ಷಣಗಳ ಫೋಟೊ, ವಿಡಿಯೊ ಕೊಡಬೇಡಿ. ಯಾರಾದರೂ ಕೇಳಿದರೂ ಕೊಡಬೇಡಿ. ಯುರೋಪಿಯನ್ ಯೂನಿಯನ್ ಕೋರ್ಟ್ 2014ರ ಡಿಸೆಂಬರ್ 2ರಂದು ಇದಕ್ಕೆ ಗೆರೆ ಎಳೆಯಿತು: ಅಂಥ ವಿಡಿಯೊ ಸ್ವೀಕರಿಸಬಾರದು, ದೈಹಿಕ ‘ಪರೀಕ್ಷೆ’ ಮಾಡಬಾರದು, ಹಾಸಿಗೆಯ ವಿವರ ಕೆದಕಬಾರದು. ಚಿತ್ರ ತೋರಿಸಿ ‘ಸಲಿಂಗಿ ಹೌದೋ ಅಲ್ಲವೋ’ ಎಂದು ತೀರ್ಮಾನಿಸುವ ಮನಃಶಾಸ್ತ್ರದ ಪರೀಕ್ಷೆಗೂ 2018ರ ಜನವರಿಯಲ್ಲಿ, ಹಂಗೇರಿಯ ಒಂದು ಕೇಸಿನಲ್ಲಿ, ಅದೇ ಕೋರ್ಟ್ ಬೇಡ ಎಂದಿತು.

ಹೆಜ್ಜೆ 5: ಸಂದರ್ಶನ

ಮೊದಲ ತೊಡಕು ದುಭಾಷಿ. ಎದುರಿಗೆ ಕೂರುವವರು ನಿಮ್ಮದೇ ಭಾಷೆ, ಬಹುಶಃ ನಿಮ್ಮದೇ ಸಮುದಾಯ. ಅವರ ಮುಖದಲ್ಲಿ ಅಸಹ್ಯ ಕಂಡರೆ ನಿಮ್ಮ ಬಾಯಿ ಕಟ್ಟಿಹೋಗುತ್ತದೆ. ಕೆಲವರು ಬೈಗುಳದ ಪದವನ್ನೇ ಅನುವಾದಕ್ಕೆ ಬಳಸಿಬಿಡುತ್ತಾರೆ, ಕೆಲವರು ಮುಜುಗರಪಟ್ಟು ಮಾತನ್ನು ಮೊಟಕು ಮಾಡುತ್ತಾರೆ. ಹೆಣ್ಣು ದುಭಾಷಿ ಬೇಕು, ಬೇರೆ ದೇಶದ ದುಭಾಷಿ ಬೇಕು ಎಂದು ವಕೀಲರ ಮೂಲಕ ಮೊದಲೇ ಬರೆದು ಕೇಳಿ. ಅಧಿಕಾರಿ ಹೆಣ್ಣಾಗಲಿ ಎಂದೂ ಕೇಳಬಹುದು. ನಡುವೆ ಅನುವಾದ ತಪ್ಪುತ್ತಿದೆ ಅನ್ನಿಸಿದರೆ ಅಲ್ಲೇ ಹೇಳಿ, ದಾಖಲೆಗೆ ಬರಲಿ. ನೀವು ಹೇಳಿದ್ದು ನಿಮ್ಮ ದೇಶದ ಸರಕಾರಕ್ಕಾಗಲಿ ಮನೆಯವರಿಗಾಗಲಿ ಹೋಗಬಾರದು, ಅದು ನಿಯಮ.

ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವು: ಯಾವಾಗ ಗೊತ್ತಾಯಿತು? ಆಗ ಏನನ್ನಿಸಿತು? ಯಾರಿಗೆ ಮೊದಲು ಹೇಳಿದಿರಿ? ಧರ್ಮದ ಜೊತೆ ಹೇಗೆ ಹೊಂದಿಸಿಕೊಂಡಿರಿ? ಇಷ್ಟು ಅಪಾಯವಿದ್ದೂ ಯಾಕೆ ಸಂಬಂಧ ಬೆಳೆಸಿದಿರಿ? ಕೊನೆಯದು ಸ್ವಲ್ಪ ಕುಟುಕುತ್ತದೆ. ‘ಗಂಡುಹೆಣ್ಣು ಪ್ರೀತಿಸುವಾಗ ಯಾರಾದರೂ ಹೀಗೆ ಕೇಳುತ್ತಾರಾ?’ ಎಂದು ಮನಸ್ಸಿಗೆ ಬರುತ್ತದೆ. ಸಿಟ್ಟಾಗದೆ, ಆಗ ಏನೇನು ಎಚ್ಚರ ವಹಿಸಿದಿರಿ ಎಂದು ಹೇಳಿ. ‘ಯಾವಾಗ ಗೊತ್ತಾಯಿತು’ ಎಂದರೆ ಒಂದು ದಿನ ಮಿಂಚು ಹೊಡೆದ ಹಾಗೆ ಹೇಳಬೇಕಿಲ್ಲ. ಹೆಚ್ಚಿನವರಿಗೆ ಅದು ವರ್ಷಗಟ್ಟಲೆ ಆಗುವ ಸಂಗತಿ.

‘ಮದುವೆ ಆಗಿದೆಯಲ್ಲ?’ ಎಂಬ ಪ್ರಶ್ನೆಗೆ ಹೆದರಬೇಡಿ. ಮನೆಯವರ ಒತ್ತಡಕ್ಕೆ, ಅನುಮಾನ ಬರದಿರಲಿ ಎಂದು ಮದುವೆಯಾದವರು ಲೆಕ್ಕವಿಲ್ಲದಷ್ಟು. ಗಂಡು, ಹೆಣ್ಣು ಇಬ್ಬರನ್ನೂ ಪ್ರೀತಿಸುವವರು ಅದನ್ನೇ ನೇರವಾಗಿ ಹೇಳಲಿ, ಪೂರ್ತಿ ಗೇ ಎಂದು ತೋರಿಸಿಕೊಳ್ಳಲು ಹೋಗಿ ಸಿಕ್ಕಿಬೀಳುವುದು ಬೇಡ. ಗೇ ಬಾರ್‌ಗೆ ಹೋಗಿಲ್ಲ, ಪ್ರೈಡ್ ಮೆರವಣಿಗೆ ನೋಡಿಲ್ಲ, ಇಲ್ಲಿನ ಸಂಘಟನೆಗಳ ಹೆಸರು ಗೊತ್ತಿಲ್ಲ ಎಂದರೆ ಹಾಗೇ ಹೇಳಿ. ಅರ್ಜಿಗೋಸ್ಕರ ಬಣ್ಣದ ಬಾವುಟ ಹಿಡಿದು ಫೋಟೊ ತೆಗೆಸಿಕೊಳ್ಳುವುದು ನನಗಂತೂ ಕೆಟ್ಟ ಸಲಹೆ ಅನ್ನಿಸುತ್ತದೆ. ಅಧಿಕಾರಿಗೂ ಅದು ಗೊತ್ತಾಗುತ್ತದೆ.

ಮೊದಲ ಭೇಟಿಯಲ್ಲಿ ವಿಮಾನ ನಿಲ್ದಾಣದ ಸಮವಸ್ತ್ರದವರ ಮುಂದೆ ನಿಜ ಹೇಳಲಾಗದೆ ಬೇರೆ ಕಾರಣ ಕೊಟ್ಟಿದ್ದೀರಾ? ತಡವಾಗಿ ಹೇಳಿದ್ದಕ್ಕಷ್ಟೇ ನಂಬದಿರುವಂತಿಲ್ಲ ಎಂದು 2014ರ ಅದೇ ತೀರ್ಪು ಹೇಳಿದೆ. ಯಾಕೆ ಹೇಳಲಾಗಲಿಲ್ಲ ಎಂಬುದನ್ನು ವಿವರಿಸಿ. ಜೋಡಿಯಾಗಿ ಬಂದಿದ್ದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತಾರೆ. ಉತ್ತರ ಬಾಯಿಪಾಠ ಮಾಡಬೇಡಿ. ಒಬ್ಬರಿಗೆ ನೆನಪಿರುವುದು ಇನ್ನೊಬ್ಬರಿಗೆ ಮರೆತಿರುವುದು ಸಹಜ, ಎರಡೂ ಅಕ್ಷರಶಃ ಒಂದೇ ಆದರೆ ಅನುಮಾನ. ಮುಗಿದ ಮೇಲೆ ಸಂದರ್ಶನದ ಪ್ರತಿ ಕೇಳಿ ಪಡೆದು, ತಪ್ಪಿದ್ದರೆ ಕೂಡಲೇ ಬರೆದು ತಿದ್ದಿಸಿ.

ಕಾಯುವಾಗ, ತೀರ್ಪು ಬಂದ ಮೇಲೆ

ಕಾಯುವುದು ತಿಂಗಳುಗಟ್ಟಲೆ, ಎಷ್ಟೋ ಕಡೆ ವರ್ಷಗಟ್ಟಲೆ. ಶಿಬಿರದಲ್ಲಿ ಅಥವಾ ಹಂಚಿಕೊಂಡ ಕೋಣೆಯಲ್ಲಿ ನಿಮ್ಮ ದೇಶದವರೇ ಇದ್ದು ಕಾಟ ಕೊಟ್ಟರೆ ಬರೆದು ದೂರು ಕೊಡಿ, ಬೇರೆ ಜಾಗ ಕೇಳಿ. ವಿಳಾಸ ಬದಲಾದರೆ ಅವತ್ತೇ ತಿಳಿಸಿ, ಪತ್ರ ಹಳೆಯ ಮನೆಗೆ ಹೋಗಿ ಕೇಸು ಮುಚ್ಚಿಹೋಗುವುದುಂಟು. ನಿಮ್ಮ ದೇಶದ ರಾಯಭಾರ ಕಚೇರಿಯ ಬಾಗಿಲು ತಟ್ಟಬೇಡಿ, ಪಾಸ್‌ಪೋರ್ಟ್ ನವೀಕರಿಸಬೇಡಿ. ಭಯ ಇರುವವರು ಅಲ್ಲಿಗೆ ಹೋಗುತ್ತಾರೆಯೇ ಎಂದು ಕೇಳುತ್ತಾರೆ.

ತಿರಸ್ಕರಿಸಿದರೆ ಮೊದಲು ಕ್ಯಾಲೆಂಡರ್ ನೋಡಿ. ಬ್ರಿಟನ್‌ನಲ್ಲಿ ಮೇಲ್ಮನವಿಗೆ ಸಾಮಾನ್ಯವಾಗಿ 14 ದಿನ. ಕೆನಡಾದಲ್ಲಿ ಲಿಖಿತ ಕಾರಣ ಕೈಸೇರಿದ 15 ದಿನದೊಳಗೆ ಮೇಲ್ಮನವಿಯ ನೋಟಿಸು ಹೋಗಬೇಕು. ಆಮೇಲೆ ತಿರಸ್ಕಾರದ ಪತ್ರವನ್ನು ಸಾಲು ಸಾಲಾಗಿ ಓದಿ. ‘ಭಾವನೆಗಳನ್ನು ವಿವರಿಸಲಿಲ್ಲ’ ಎಂದಿದ್ದರೆ ಹೇಳಿಕೆಯನ್ನು ವಿಸ್ತರಿಸಿ, ‘ವಿವರ ಹೊಂದಲಿಲ್ಲ’ ಎಂದಿದ್ದರೆ ಯಾವುದು, ಯಾಕೆ ಎಂದು ಒಂದೊಂದಾಗಿ ಉತ್ತರಿಸಿ. ಅಮೆರಿಕದಲ್ಲಿ ಒಂದು ವರ್ಷದ ಗಡುವು ದಾಟಿದವರಿಗೆ, ಆಶ್ರಯ ಸಿಗದಿದ್ದರೂ, ಗಡೀಪಾರು ತಡೆಯುವ ಬೇರೆ ರಕ್ಷಣೆ ಕೇಳುವ ದಾರಿ ಇದೆ. ಅದಕ್ಕೆ ಸಾಬೀತು ಮಾಡುವ ಮಟ್ಟ ಹೆಚ್ಚು.

ಮಂಜೂರಾದರೆ ನಿಮ್ಮ ದೇಶದ ಪಾಸ್‌ಪೋರ್ಟ್ ಬದಲು ನಿರಾಶ್ರಿತರ ಪ್ರಯಾಣ ಪತ್ರಕ್ಕೆ ಅರ್ಜಿ ಹಾಕಿ. ಅಮ್ಮನಿಗೆ ಹುಷಾರಿಲ್ಲ ಎಂದರೂ ಆ ದೇಶಕ್ಕೆ ಕಾಲಿಡುವ ಮೊದಲು ವಕೀಲರನ್ನು ಕೇಳಿ, ಸಿಕ್ಕಿದ ಆಶ್ರಯವೇ ರದ್ದಾಗಬಹುದು. ಸಂಗಾತಿ ಅಲ್ಲೇ ಉಳಿದಿದ್ದರೆ, ಮದುವೆಯಾಗಲು ಕಾನೂನೇ ಬಿಡದ ದೇಶದಲ್ಲಿ ಮದುವೆ ಪತ್ರ ಎಲ್ಲಿಂದ ತರುವುದು ಎಂಬ ಪ್ರಶ್ನೆ ಏಳುತ್ತದೆ. ಅದಕ್ಕೇ ಮೊದಲ ಅರ್ಜಿಯಲ್ಲೇ ಅವರ ಹೆಸರು ಬರೆದಿರಬೇಕು. ಹಣ ಕಳಿಸಿದ ರಸೀದಿ, ಕರೆಗಳ ದಾಖಲೆ, ಒಟ್ಟಿಗೆ ಇದ್ದ ವಿಳಾಸ ಇವನ್ನೆಲ್ಲ ಅವತ್ತಿನಿಂದಲೇ ಒಂದು ಕಡೆ ಇಡುತ್ತಾ ಬನ್ನಿ.